ಕೋಟೆ ಬಂತು, ಅತ್ತೆ ಬರಲಿಲ್ಲ

ಕಳೆದ ಸಂಚಿಕೆಯಲ್ಲಿ ಅವರೆಕಾಳಿನ ವಿಷಯ ಬರೆದು ಮುಗಿಸುವಾಗ, ಮುಂದಿನ ಸಲ ಪ್ರವಾಸದ ಬುತ್ತಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬುತ್ತಿಯ ಮಾತು ಕೊನೆಯಲ್ಲಿ ಬಂದೇ ಬರುತ್ತದೆ, ಕೋಪಿಸಿಕೊಳ್ಳಬೇಡಿ. ಅದಕ್ಕೂ ಮೊದಲು ಪ್ರವಾಸದಲ್ಲಿ ತೆಗೆಯುವ ಫೋಟೋಗಳ ಬಗ್ಗೆ ನಿಮ್ಮ ಹತ್ತಿರ ನಾಲ್ಕು ಮಾತು ಆಡಬೇಕಾಗಿದೆ. "ಅಯ್ಯೋ, ಅದು ಗಂಡಸರ ಕೆಲಸ, ಮಕ್ಕಳ ಆಟ, ನಮಗ್ಯಾಕ್ರೀ" ಎಂದು ಪುಟ ತಿರುವಬೇಡಿ. ಹಾಗೆ ಅಂದುಕೊಂಡೇ ನಾನೊಂದು ತಪ್ಪು ಮಾಡಿದೆ. ನಾಲ್ವತ್ತು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

1984ರ ಡಿಸೆಂಬರ್ ರಜ. ಚಿತ್ರದುರ್ಗದ ಕೋಟೆ ನೋಡಬೇಕೆಂಬುದು ನಮ್ಮ ಮನೆಯ ಹೆಂಗಸರಿಗೆಲ್ಲ ಬಹಳ ದಿನದ ಆಸೆ. ಆಸೆ ಹುಟ್ಟಿಸಿದ್ದು 'ನಾಗರಹಾವು' ಸಿನಿಮಾ. 1972ರಲ್ಲಿ ಪುಟ್ಟಣ್ಣ ಕಣಗಾಲರ ಆ ಚಿತ್ರ ಬಂದಾಗ, ಓಬವ್ವನಾಗಿ ಜಯಂತಿ ಒನಕೆ ಎತ್ತಿ ನಿಂತದ್ದನ್ನು ನೋಡಿ ಮೈ ನವಿರೇಳದ ಹೆಂಗಸು ನಮ್ಮ ಕಡೆ ಯಾರೂ ಇರಲಿಲ್ಲ. ನಮ್ಮ ಅತ್ತೆಯವರಂತೂ ಸಿನಿಮಾ ಎಂದರೆ ಮೂಗು ಮುರಿಯುವವರು, ಅದನ್ನು ಮಾತ್ರ ಎರಡು ಸಲ ನೋಡಿದ್ದರು. "ಸಾಯೋದ್ರೊಳಗೆ ಆ ಕಿಂಡಿ ಒಂದು ಸಲ ನೋಡಬೇಕಮ್ಮ" ಎನ್ನುತ್ತಿದ್ದರು.

ನಮ್ಮದು ತರೀಕೆರೆ. ನಾದಿನಿಯನ್ನು ಕೊಟ್ಟಿರುವುದು ಕಡೂರಿಗೆ. ನನ್ನ ಅಕ್ಕನ ಮನೆ ಅಜ್ಜಂಪುರ. ಆಗಿನ್ನೂ ಅಜ್ಜಂಪುರ ನಮ್ಮ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಮೂರೂ ಮನೆಯವರು ಸೇರಿ ದೊಡ್ಡವರು, ಚಿಕ್ಕವರು, ಕೈಗೂಸು ಎಲ್ಲ ಎಣಿಸಿದರೆ ಹನ್ನೆರಡು ಜನ. ನಾದಿನಿಯ ಮನೆಯವರು ಹಿಂದಿನ ಸಂಜೆಯೇ ತರೀಕೆರೆಗೆ ಬಂದಿದ್ದರು. ಬೆಳಗಿನ ಜಾವ ಮೂರಕ್ಕೆ ಎದ್ದು ಬುತ್ತಿ ಕಟ್ಟಿ, ಮೊದಲ ಬಸ್ಸಿಗೆ ಅಜ್ಜಂಪುರ, ಅಲ್ಲಿ ಅಕ್ಕ-ಭಾವ, ಮಕ್ಕಳನ್ನು ಕೂಡಿಕೊಂಡು ಹೊಸದುರ್ಗ, ಹೊಳಲ್ಕೆರೆ ದಾಟಿ ದುರ್ಗ. ಅಜ್ಜಂಪುರ ಬಿಡುವಾಗ ಅಮೃತ್ ಮಹಲ್ ಕಾವಲಿನ ದನಗಳು ಕೊಂಬು ಎತ್ತಿ ನಮ್ಮನ್ನೇ ನೋಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಜ್ಜಂಪುರದ ಭಾವನ ಹತ್ತಿರ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು, ಕಪ್ಪು ಡಬ್ಬಿಯಂಥದ್ದು. ಒಂದು ರೀಲಿಗೆ ಹನ್ನೆರಡೇ ಫೋಟೋ. ಒಂದು ತೆಗೆದ ಮೇಲೆ ಗುಂಡಿ ತಿರುಗಿಸಬೇಕು, ಹಿಂದಿನ ಕೆಂಪು ಕಿಟಕಿಯಲ್ಲಿ ಮುಂದಿನ ನಂಬರು ಬರುವ ತನಕ. ತಿರುಗಿಸಲು ಮರೆತರೆ ಒಂದರ ಮೇಲೊಂದು ಬಿದ್ದು ಎರಡೂ ಹಾಳು. ಹನ್ನೆರಡು ಜನಕ್ಕೆ ಹನ್ನೆರಡು ಫೋಟೋ. ರೀಲು, ಪ್ರಿಂಟು ಎಲ್ಲ ಸೇರಿದರೆ ಆಗಿನ ಕಾಲಕ್ಕೆ ಕಡಿಮೆ ಖರ್ಚಲ್ಲ. ಹಾಗಾಗಿ ಭಾವ ಪ್ರತಿ ಸಲ ಕ್ಲಿಕ್ ಮಾಡುವಾಗಲೂ ಎಲ್ಲರನ್ನೂ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ, "ಉಸಿರು ಬಿಡಬೇಡಿ" ಎಂದು ಹೆದರಿಸುತ್ತಿದ್ದರು.

ದುರ್ಗವನ್ನು ನೋಡಿದವರಿಗೆ ಗೊತ್ತು. ಏಳು ಸುತ್ತಿನ ಕೋಟೆ ಎಂದೇ ಅದಕ್ಕೆ ಹೆಸರು. ಹೊರಗಿನ ಸುತ್ತುಗಳು ಈಗಿನ ಊರಿನೊಳಗೇ ಸೇರಿಹೋಗಿವೆ. ರಂಗಯ್ಯನ ಬಾಗಿಲು ಪೇಟೆಯ ಗದ್ದಲದ ನಡುವೆ ನಿಂತಿದೆ. ಒಳಸುತ್ತಿನ ಗೋಡೆ ಬಂಡೆಯಿಂದ ಬಂಡೆಗೆ ಹತ್ತಿ ಇಳಿದು, ಯಾವುದು ದೇವರು ಇಟ್ಟ ಕಲ್ಲು, ಯಾವುದು ಮನುಷ್ಯ ಇಟ್ಟ ಕಲ್ಲು ಎಂದು ತಿಳಿಯದ ಹಾಗೆ ಬೆಳೆದಿದೆ. ಬಾಗಿಲಿನ ಪಕ್ಕದ ಗೋಡೆಯಲ್ಲಿ ಹೆಡೆಯೆತ್ತಿದ ನಾಗನ ಕೆತ್ತನೆ. ಒಳಗೆ ಹೋದರೆ ಮದ್ದು ಅರೆಯಲು ಇಟ್ಟಿದ್ದ ಬೀಸುವ ಕಲ್ಲುಗಳು. ನಾವು ಹೆಂಗಸರೆಲ್ಲ ಅದರ ಸುತ್ತ ನಿಂತು, "ಇದನ್ನ ತಿರುಗಿಸೋಕೆ ಎಷ್ಟು ಜನ ಬೇಕಾಯ್ತೋ" ಎಂದು ಲೆಕ್ಕ ಹಾಕಿದ್ದೇ ಹಾಕಿದ್ದು. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥಮ್ಮ, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ನೋಡಿದಷ್ಟೂ ಮುಗಿಯದು. ಪಾಳೆಯಗಾರ ನಾಯಕರು ತಲೆಮಾರುಗಳ ಕಾಲ ಕಟ್ಟಿದ ಊರು. ಕೊನೆಯ ಮದಕರಿ ನಾಯಕನಿಂದ 1779ರಲ್ಲಿ ಹೈದರಾಲಿ ಕೈಗೆ ಹೋಯಿತು.

ಅಷ್ಟೆಲ್ಲ ನೋಡುವಾಗ ನಮ್ಮ ಅತ್ತೆ ಎಲ್ಲಿದ್ದರು ಅಂತೀರಾ? ಏಕನಾಥಮ್ಮನ ಗುಡಿಯ ಹತ್ತಿರ, ಮರದ ನೆರಳಲ್ಲಿ. ಮೂರು ಚೀಲ, ಒಂದು ಬೆತ್ತದ ಬುಟ್ಟಿ, ಹನ್ನೆರಡು ಜೊತೆ ಚಪ್ಪಲಿಯಲ್ಲಿ ಅರ್ಧ, ನಾದಿನಿಯ ಕೈಗೂಸು. ಕೋತಿಗಳ ಕಾಟ ಬೇರೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮಗು. "ನೀವು ಹೋಗಿ ಬನ್ನಿ, ನನಗೆ ಮೆಟ್ಟಿಲು ಆಗಲ್ಲ" ಎಂದರು. ಕಿಂಡಿಗೆ ಮಾತ್ರ ಕರೆದುಕೊಂಡು ಹೋದೆವು. ಅಲ್ಲಿ ಕೈಮುಗಿದರು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ನೀರಿಗೆ ಅಂತ ಬಂದ ಹೆಂಗಸು, ಪಾಪ" ಎಂದಷ್ಟೇ ಹೇಳಿ ಮತ್ತೆ ಬುಟ್ಟಿಯ ಹತ್ತಿರ ಹೋಗಿ ಕೂತರು. ಆ ಹೊತ್ತಿಗೆ ಭಾವ ಮೇಲಿನ ಬತೇರಿಯ ಫೋಟೋ ತೆಗೆಯಲು ಹೋಗಿದ್ದರು.

ಸಂಜೆ ಇಳಿಯುವಾಗ ಕ್ಯಾಮೆರಾದಲ್ಲಿ ಒಂದೇ ಒಂದು ಉಳಿದಿತ್ತು. ನಮ್ಮೆಜಮಾನರು, "ಅಮ್ಮಂದು ಒಂದು ತೆಗೆಯೋಣ" ಎಂದರು. ಅತ್ತೆ, "ನನ್ನದೇನು ಫೋಟೋ! ಸೆರಗೆಲ್ಲ ಬೆವರು, ತಲೆಯೆಲ್ಲ ಕೆದರಿದೆ. ಆ ದೊಡ್ಡ ಬಾಗಿಲು ತೆಗೀರಪ್ಪ, ಚೆನ್ನಾಗಿದೆ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಒಂದು ಮಾತು ಹೇಳಬಹುದಿತ್ತು. "ಇರಿ ಅತ್ತೆ, ಸೆರಗು ಸರಿಮಾಡ್ತೀನಿ" ಎಂದಿದ್ದರೆ ಆಗುತ್ತಿತ್ತು. ಕಡೆಯ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ನಾನೂ, "ಹೌದು, ಬಾಗಿಲೇ ತೆಗೀರಿ ಭಾವ" ಎಂದೆ. ಬಾಗಿಲು ತೆಗೆದರು.

ಹನ್ನೆರಡರಲ್ಲಿ ಹತ್ತು ಚೆನ್ನಾಗಿ ಬಂದವು. ಎರಡು ಒಂದರ ಮೇಲೊಂದು ಬಿದ್ದಿದ್ದವು. ಕಡೆಯ ಬಾಗಿಲಂತೂ ಬಲು ಸೊಗಸಾಗಿ ಬಂತು.

1991ರಲ್ಲಿ ಅತ್ತೆ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಗೋಡೆಗೆ ಹಾಕಲು ಫೋಟೋ ಬೇಕಲ್ಲ. ನಾದಿನಿ ಕಡೂರಿನಿಂದ ಬಂದವಳು ಅಟ್ಟದ ಮೇಲಿನ ಟ್ರಂಕು ಇಳಿಸಿ, ನೆಲದ ಮೇಲೆ ಆಲ್ಬಂ ಹರಡಿಕೊಂಡು ಕೂತಳು. "ಅತ್ತಿಗೆ, ಅಮ್ಮಂದು ಒಂದಾದರೂ ಇರಲೇಬೇಕಲ್ವಾ? ಆವತ್ತು ದುರ್ಗಕ್ಕೆ ಹೋಗಿದ್ವಲ್ಲ?" ದುರ್ಗದ ಹತ್ತೂ ಫೋಟೋ ತಿರುವಿದೆವು. ಕೋಟೆ ಇತ್ತು, ಹೊಂಡ ಇತ್ತು, ಕೋತಿ ಇತ್ತು, ಉಸಿರು ಕಟ್ಟಿ ನಿಂತ ನಾವೆಲ್ಲ ಇದ್ದೆವು. ಒಂದರಲ್ಲಿ ನನ್ನ ಮಗ ಅಳುತ್ತ ನಿಂತಿದ್ದಾನೆ. ಚಿತ್ರದ ಅಂಚಿನಲ್ಲಿ ಒಂದು ಕೈ, ನೀರಿನ ತಂಬಿಗೆ ಹಿಡಿದದ್ದು, ಮೂರು ಗಾಜಿನ ಬಳೆ. ಅಷ್ಟೇ ಅತ್ತೆ.

ನಾದಿನಿ ಆ ಕೈಯನ್ನು ನೋಡಿ ಅತ್ತದ್ದನ್ನು ನಾನು ಮರೆಯಲಾರೆ. ಕೊನೆಗೆ ಅವಳ ಮದುವೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನಲ್ಲಿದ್ದ ಅತ್ತೆಯ ಮುಖವನ್ನು ಸ್ಟುಡಿಯೋದವರಿಂದ ದೊಡ್ಡದು ಮಾಡಿಸಿದೆವು. ಪಕ್ಕದವರ ಹೆಗಲನ್ನು ಬಣ್ಣ ಬಳಿದು ಅಳಿಸಿದರು. ಅದೇ ಇಂದಿಗೂ ನಮ್ಮ ನಡುಮನೆಯಲ್ಲಿದೆ. ಮುಖ ಅತ್ತೆಯದೇ, ಆದರೆ ಸ್ವಲ್ಪ ಮಸುಕು. ಮೊಮ್ಮಕ್ಕಳು "ಇವರು ಯಾಕೆ ಹೀಗೆ ಹೊಗೆಯೊಳಗೆ ನಿಂತ ಹಾಗಿದ್ದಾರೆ?" ಎಂದು ಕೇಳುತ್ತಾರೆ.

ಈಗ ಈ ಕಥೆಯ ಎರಡನೇ ಭಾಗ. ಇದೇ ನಾದಿನಿ ಹೋದ ವರ್ಷ ಕಿರಿಯ ಮಗಳ ಬಾಣಂತನಕ್ಕೆಂದು ಇಟಲಿಗೆ ಹೋಗಿದ್ದಳು. ಅಳಿಯ ಅಲ್ಲಿ ಕೆಲಸದಲ್ಲಿದ್ದಾರೆ. ಮಗುವಿಗೆ ಮೂರು ತಿಂಗಳಾದ ಮೇಲೆ ಇವಳನ್ನು ಲುಕ್ಕಾ ಎಂಬ ಊರಿಗೆ ಕರೆದುಕೊಂಡು ಹೋದರಂತೆ. ಅದೂ ಕೋಟೆಯ ಊರು. ಊರಿನ ಸುತ್ತ ಸುಮಾರು ನಾಲ್ಕು ಕಿಲೋಮೀಟರ್ ಗೋಡೆ, 16-17ನೇ ಶತಮಾನದಲ್ಲಿ ಕಟ್ಟಿದ್ದು, ಒಂದು ಕಡೆಯೂ ಕಡಿಯದೆ ಹಾಗೇ ಉಳಿದಿದೆ. ಗೋಡೆ ಎಷ್ಟು ಅಗಲವೆಂದರೆ ಅದರ ಮೇಲೆ ಸಾಲುಮರ ಬೆಳೆಸಿದ್ದಾರೆ. ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ. ಶತ್ರುಗಳಿಗೆಂದು ಕಟ್ಟಿದ ಆ ಗೋಡೆ 1812ರಲ್ಲಿ ನದಿ ಉಕ್ಕಿ ಬಂದಾಗ, ಬಾಗಿಲು ಹಾಕಿಕೊಂಡು ನೆರೆಯನ್ನು ತಡೆದು ಊರನ್ನು ಉಳಿಸಿತಂತೆ. "ನಮ್ಮ ದುರ್ಗದ ಹಾಗೆ ಹತ್ತೋದು ಇಳಿಯೋದು ಇಲ್ಲ ಅತ್ತಿಗೆ, ಸಪಾಟು. ಅಮ್ಮ ಇದ್ದಿದ್ರೆ ಪೂರ್ತಿ ಒಂದು ಸುತ್ತು ಬರ್ತಿದ್ಲು" ಎಂದು ಫೋನಿನಲ್ಲಿ ಹೇಳಿದಳು.

ಫೋನಿಗೇ ಫೋಟೋ ಕಳಿಸಿದಳು. ನಲವತ್ತಿರಬಹುದು. ಗೋಡೆ, ಬಾಗಿಲು, ಮರಗಳ ಸಾಲು, ಕಿಟಕಿಯಲ್ಲಿ ಒಣಹಾಕಿದ ಬಟ್ಟೆ, ಅಳಿಯ, ಮಗಳು, ಸೈಕಲ್ಲಿನ ಮೇಲೆ ಯಾರೋ ಅಜ್ಜ. ಎಲ್ಲ ನೋಡಿ ಮುಗಿಸಿ ನಾನೇ ಕೇಳಿದೆ, "ನೀನೆಲ್ಲಿ?" ಎಂದು.

"ನಾನಾ? ಮಗು ನನ್ನ ಹೆಗಲ ಮೇಲೆ ಮಲಗಿತ್ತಲ್ಲ ಅತ್ತಿಗೆ. ಬ್ಯಾಗೂ ನನ್ನ ಹತ್ರಾನೇ ಇತ್ತು. ನನ್ನದೇನು ಫೋಟೋ, ಸ್ವೆಟರ್ ಹಾಕ್ಕೊಂಡು ಕರಡಿ ಹಾಗಿದ್ದೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳಿಗೂ ಒಂದು ಗಳಿಗೆ ಬಿಟ್ಟು ಹೊಳೆಯಿತೆಂದು ಕಾಣುತ್ತದೆ. ಫೋನಿನಲ್ಲಿ ಇಬ್ಬರೂ ಸುಮ್ಮನಾದೆವು. ಆಮೇಲೆ, "ಇಡ್ತೀನಿ ಅತ್ತಿಗೆ, ಮಗು ಎದ್ದಿತು" ಎಂದಳು. ವಾರ ಕಳೆದ ಮೇಲೆ ಒಂದೇ ಒಂದು ಫೋಟೋ ಬಂತು. ಅದೇ ಸ್ವೆಟರು, ಹೆಗಲ ಮೇಲೆ ಮಗು, ಹಿಂದೆ ಲುಕ್ಕಾ ಅಲ್ಲ, ಅವರ ಅಡುಗೆಮನೆಯ ಒಲೆ. ಕೆಳಗೆ "ಕೋಟೆ ಇಲ್ಲ, ನಾನಿದೀನಿ" ಎಂದು ಬರೆದಿದ್ದಳು.

ಇದಾದ ಮೇಲೆ ನಾನು ಮಗ, ಸೊಸೆ, ಮೊಮ್ಮಕ್ಕಳ ಜೊತೆ ಮತ್ತೆ ದುರ್ಗಕ್ಕೆ ಹೋದೆ. ಈ ಸಲ ಕಾರು, ಮೂರು ಬಸ್ಸಿನ ರಗಳೆ ಇಲ್ಲ. ಕಿಂಡಿಯ ಹತ್ತಿರ ಮೊಮ್ಮಗ ಕೇಳಿದ, "ಅಜ್ಜಿ, ಓಬವ್ವನ ನಿಜವಾದ ಫೋಟೋ ಎಲ್ಲಿದೆ?"

ಇಲ್ಲವಪ್ಪ ಎಂದೆ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ತಿಳಿದದ್ದೇ 1839ರಲ್ಲಿ, ದುರ್ಗ ಬಿದ್ದು ಅರವತ್ತು ವರ್ಷದ ಮೇಲೆ. ಕಾವಲುಗಾರನ ಹೆಂಡತಿ ಅವಳು. ಊಟಕ್ಕೆ ಬಂದ ಗಂಡನಿಗೆ ನೀರು ತರಲು ಹೋದಾಗ, ಕಿಂಡಿಯಲ್ಲಿ ಶತ್ರುಗಳು ತೆವಳಿ ಬರುವುದನ್ನು ಕಂಡು ಒನಕೆಯಿಂದ ಬಡಿದಳು ಎಂದು ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದಿದ್ದಾರೆ. 2021ರಿಂದ ಸರಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತಿದೆ. ಪ್ರತಿಮೆ ಮಾಡಿದವರೂ, ಸಿನಿಮಾ ಮಾಡಿದವರೂ ಅವಳ ಮುಖವನ್ನು ಊಹಿಸಿಕೊಂಡೇ ಮಾಡಬೇಕಾಯಿತು. ಅವಳ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ, ಅದು ಯಾರ ತಪ್ಪೂ ಅಲ್ಲ. ನಮ್ಮ ಅತ್ತೆ ಮರದ ಕೆಳಗೆ ಕೂತಿದ್ದಾಗ ನೂರು ಹೆಜ್ಜೆಯಲ್ಲಿ ಕ್ಯಾಮೆರಾ ಇತ್ತು.

ಆಗ ನೋಡಿದೆ, ಬೆಳಗಿನಿಂದ ಫೋಟೋ ತೆಗೆಯುತ್ತಿದ್ದವಳು ನಮ್ಮ ಸೊಸೆ. ಮಗನದು, ಮಕ್ಕಳದು, ನನ್ನದು, ಕೋಟೆಯದು. ಅವಳದು ಮಾತ್ರ ಒಂದೂ ಇಲ್ಲ. ಮೊದಲು ಚೀಲ ಕಾಯುವವಳು ಫೋಟೋದಲ್ಲಿ ಇರುತ್ತಿರಲಿಲ್ಲ, ಈಗ ಫೋನು ಹಿಡಿದವಳು ಇಲ್ಲ! "ಕೊಡಮ್ಮ ಇಲ್ಲಿ" ಎಂದು ಫೋನು ಕಿತ್ತುಕೊಂಡೆ. "ಬೇಡ ಅತ್ತೆ, ಮುಖವೆಲ್ಲ ಬೆವರು" ಎಂದಳು. ಅದೇ ಮಾತು ನೋಡಿ! "ಬೆವರೂ ಬರಲಿ, ನಿಂತ್ಕೋ" ಎಂದೆ. ಮೂರು ತೆಗೆದೆ. ಎರಡರಲ್ಲಿ ನನ್ನ ಹೆಬ್ಬೆರಳು ಬಂದಿತ್ತು. ಮೂರನೆಯದರಲ್ಲಿ ಸೊಸೆ ಕಿಂಡಿಯ ಪಕ್ಕ ನಗುತ್ತ ನಿಂತಿದ್ದಾಳೆ. ಮಗ ಅದನ್ನೇ ಪ್ರಿಂಟು ಹಾಕಿಸಿ ನಡುಮನೆಯಲ್ಲಿ ಇಟ್ಟಿದ್ದಾನೆ.

ಹೋಗಲಿ, ಬುದ್ಧಿ ಬಂದ ಮೇಲೆ ಕಲಿತ ಕೆಲವು ಸಂಗತಿ ನಿಮಗೂ ಹೇಳುತ್ತೇನೆ. ಇವೆಲ್ಲ ಯಾವ ದೊಡ್ಡ ವಿದ್ಯೆಯೂ ಅಲ್ಲ, ರಂಗೋಲಿ ಹಾಕಲು ಬರುವವರಿಗೆ ಖಂಡಿತ ಬರುತ್ತದೆ.

ಕೋಟೆಗೆ ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆಗೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆ ಕಣ್ಣು ಕುಕ್ಕುತ್ತದೆ, ಮುಖದ ಮೇಲೆ ಹುಬ್ಬಿನ ನೆರಳು ಬಿದ್ದು ಎಲ್ಲರೂ ಕೋಪಿಸಿಕೊಂಡ ಹಾಗೆ ಕಾಣುತ್ತಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಕಲ್ಲಿನ ಕೆತ್ತನೆಯೂ ಎದ್ದು ಕಾಣುತ್ತದೆ.

ದೊಡ್ಡ ಬಾಗಿಲಿನ ಒಳಗೆ ಕತ್ತಲು, ಹೊರಗೆ ಬೆಳಕು. ಬಾಗಿಲ ನಡುವೆ ನಿಲ್ಲಿಸಿದರೆ ಮುಖ ಕಪ್ಪಾಗುತ್ತದೆ. ನೆರಳು ಮುಗಿಯುವ ಅಂಚಿನಲ್ಲಿ, ಬೆಳಕಿನ ಕಡೆ ಮುಖ ಮಾಡಿ ನಿಲ್ಲಿಸಿ.

ಇಡೀ ಕೋಟೆ ಬರಲಿ ಎಂದು ಜನರನ್ನು ಗೋಡೆಯ ಬುಡಕ್ಕೆ ಕಳಿಸುತ್ತೇವೆ. ಆಮೇಲೆ ಅವರು ಸಾಸಿವೆ ಕಾಳಿನಷ್ಟು ಕಾಣುತ್ತಾರೆ. ಜನ ಹತ್ತಿರ ಇರಲಿ, ಕೋಟೆ ಹಿಂದೆ ದೂರ ಇರಲಿ. ಆಗ ಮುಖವೂ ಗುರುತು ಸಿಗುತ್ತದೆ, ಕೋಟೆಯೂ ಬರುತ್ತದೆ. ಕೋಟೆಯ ಎತ್ತರ ತೋರಿಸಬೇಕೆಂದರೆ ಮಾತ್ರ ಒಬ್ಬರನ್ನು ಗೋಡೆಯ ಪಕ್ಕ ನಿಲ್ಲಿಸಿ ಬೇರೆ ತೆಗೆಯಿರಿ.

ಸಾಲಾಗಿ ನಿಲ್ಲಿಸಿದ್ದು ಒಂದು ಸಾಕು. ಬುತ್ತಿ ಬಿಚ್ಚುವಾಗ, ಮೆಟ್ಟಿಲ ಮೇಲೆ ಕಾಲು ನೀವಿಕೊಳ್ಳುವಾಗ, ಕೋತಿ ಓಡಿಸುವಾಗ ಕೇಳದೆಯೇ ಮನೆಯವರ ಫೋಟೋ ತೆಗೆಯಿರಿ. ಹತ್ತು ವರ್ಷದ ಮೇಲೆ ಮೊದಲು ಹುಡುಕುವುದು ಅವನ್ನೇ.

ಹೊರಗಿನವರನ್ನು ಮಾತ್ರ ಕೇಳದೆ ತೆಗೆಯಬೇಡಿ. ಕೋಟೆಯ ಬೀದಿಯಲ್ಲಿ ಸಂಡಿಗೆ ಒಣಗಿಸುವವಳು, ನಲ್ಲಿಯಲ್ಲಿ ನೀರು ಹಿಡಿಯುವವಳು ನಮಗೆ ಚೆಂದ ಕಂಡರೂ ಅದು ಅವಳ ಮನೆಯಂಗಳ. ನಾದಿನಿ ಲುಕ್ಕಾದಲ್ಲಿ ಆ ಒಣಹಾಕಿದ ಬಟ್ಟೆಯ ಫೋಟೋವನ್ನೂ ಕೈಸನ್ನೆ ಮಾಡಿ ಕೇಳಿಯೇ ತೆಗೆದಳಂತೆ. ಭಾಷೆ ಬರದಿದ್ದರೂ ಮರ್ಯಾದೆ ಎಲ್ಲರಿಗೂ ತಿಳಿಯುತ್ತದೆ. ಕಲ್ಲಿನ ಮೇಲೆ ಹೆಸರು ಗೀಚುವ ಮಕ್ಕಳಿದ್ದರೆ ಕಿವಿ ಹಿಂಡಿ. ಮುನ್ನೂರು ವರ್ಷ ತಾಳಿದ ಕಲ್ಲು ನಮ್ಮ ಹೆಸರಿಗಾಗಿ ಗಾಯ ಮಾಡಿಕೊಳ್ಳಬಾರದು.

ಫೋನಿನ ಕಣ್ಣನ್ನು ಮೊದಲು ಮೆತ್ತಗಿನ ಬಟ್ಟೆಯಲ್ಲಿ ಒರೆಸಿಕೊಳ್ಳಿ. ನಮ್ಮ ಕೈಯಲ್ಲಿ ಎಣ್ಣೆ, ಅರಿಶಿನ ಇದ್ದೇ ಇರುತ್ತದೆ. ಅದೇ ಮಂಜಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ, ವರ್ಷಕ್ಕೆ ಹತ್ತಾದರೂ ಪ್ರಿಂಟು ಹಾಕಿಸಿ. ಫೋನು ಕೆಟ್ಟರೆ ಅದರೊಳಗಿನದೆಲ್ಲ ಹೋಗಬಹುದು. ಪ್ರಿಂಟಿನ ಹಿಂದೆ ಮೆದು ಸೀಸದಲ್ಲಿ, ಒತ್ತದೆ, ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಬಾಲ್‌ಪೆನ್ನು ಬೇಡ, ಒತ್ತಿ ಬರೆದದ್ದು ಮುಂದಕ್ಕೆ ಮೂಡುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಆಲ್ಬಂ ಬೂಷ್ಟು ಹಿಡಿಯುವುದು ಬೇಗ. ಅಟ್ಟ ಬೇಡ, ಬೀರುವಿನ ಮೇಲಿನ ಅರೆಯಲ್ಲಿಡಿ. ಮಳೆ ಮುಗಿದ ಮೇಲೆ ಒಂದು ದಿನ ನೆರಳಿನಲ್ಲಿ ಗಾಳಿಯಾಡಲು ಬಿಡಿ.

ದುರ್ಗ ದೂರವಾಯಿತು ಎನ್ನುವವರು ನಮ್ಮ ತರೀಕೆರೆ ಪಕ್ಕದ ಅಮೃತಾಪುರಕ್ಕೆ ಹೋಗಿ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರನ ಗುಡಿ. ಹೊಳೆಯುವ ಕಂಬಗಳ ನಡುವೆ ಅಮ್ಮನನ್ನೋ ಅತ್ತೆಯನ್ನೋ ಕೂರಿಸಿ ಒಂದು ತೆಗೆಯಿರಿ.

ಇನ್ನು ಬುತ್ತಿ. ಕೋಟೆ ಹತ್ತುವ ದಿನ ಎಣ್ಣೆ ಪದಾರ್ಥ ಕಡಿಮೆ ಇರಲಿ, ದಾಹವಾಗುತ್ತದೆ. ಅಕ್ಕಿರೊಟ್ಟಿ ಬೇಗ ಬಿರುಸಾಗುತ್ತದೆ. ಹಿಟ್ಟಿಗೆ ಸ್ವಲ್ಪ ಹಾಲು ಹಾಕಿ ಕಲಸಿದ ಚಪಾತಿ ಸಂಜೆಯವರೆಗೆ ಮೆತ್ತಗಿರುತ್ತದೆ, ಜೊತೆಗೆ ಚಟ್ನಿಪುಡಿ. ಮೊಸರನ್ನಕ್ಕೆ ಅನ್ನ ಆರಿದ ಮೇಲೆ ಹಾಲೇ ಹೆಚ್ಚು ಹಾಕಿ, ಮೊಸರು ಎರಡು ಚಮಚ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ. ಬುಟ್ಟಿಗೆ ಮೇಲಿನಿಂದ ಬಟ್ಟೆ ಬಿಗಿಯಾಗಿ ಕಟ್ಟಿ. ದುರ್ಗದ ಕೋತಿಗಳಿಗೆ ನಮ್ಮೆಲ್ಲರಿಗಿಂತ ಬುದ್ಧಿ ಹೆಚ್ಚು.

ಮತ್ತೆ, ಆ ಬುಟ್ಟಿ ಕಾಯುವ ಕೆಲಸ ಗಂಟೆಗೊಬ್ಬರಂತೆ ಹಂಚಿಕೊಳ್ಳಿ. ಗಂಡಸರೂ ಕೂರಲಿ, ಏನೂ ಆಗುವುದಿಲ್ಲ.

ಈ ಭಾನುವಾರ ನಿಮ್ಮ ಮನೆಯ ಆಲ್ಬಂ ತೆಗೆದು ಒಮ್ಮೆ ನೋಡಿ. ಯಾರು ಎಲ್ಲದರಲ್ಲೂ ಇದ್ದಾರೆ, ಯಾರು ಯಾವುದರಲ್ಲೂ ಇಲ್ಲ ಎಂದು ಎಣಿಸಿ. ಇಲ್ಲದವರು ಇನ್ನೂ ಮನೆಯಲ್ಲೇ ಇದ್ದರೆ, ಅವರು ಬೇಡವೆಂದರೂ ಕೇಳಬೇಡಿ. ಸೆರಗು ಸರಿಮಾಡಿ, ಬೆಳಕಿಗೆ ಕೂರಿಸಿ, ಒಂದು ತೆಗೆದುಬಿಡಿ. ಅದು ನೀವೇ ಆಗಿದ್ದರೆ, ಫೋನನ್ನು ಮಕ್ಕಳ ಕೈಗೆ ಕೊಟ್ಟು ನೀವೇ ಹೋಗಿ ನಿಲ್ಲಿ.

ಮುಂದಿನ ಸಂಚಿಕೆಯಲ್ಲಿ ಎಳ್ಳು ಹುರಿಯುವ ಹದದ ಬಗ್ಗೆ ಹೇಳುತ್ತೇನೆ. ಸಂಕ್ರಾಂತಿ ಹತ್ತಿರ ಬಂತಲ್ಲ.